ಬಿಡಿಸದ ಚುಕ್ಕೆಗಳು

ಕಡಲಿನೊಳಗೆ ಮೀನು ಎಲ್ಲಿದೆಯೆಂದು ದಡದಲ್ಲಿ ಕುಳಿತೇ ಕಾಣುವಂತಾದರೆ? ಹೊಸಳಿವೆ ಬಂದರಿನ ಮೀನು ಸಂಶೋಧನಾ ಕೇಂದ್ರದಲ್ಲಿ ಬಹಳ ವರ್ಷ ಈ ಪ್ರಶ್ನೆ ಊಟದ ಹೊತ್ತಿನ ಹರಟೆಯಾಗಿಯೇ ಉಳಿದಿತ್ತು. ಕಾಳುಗಳು ಬಂದ ಮೇಲೆ ಅದು ಹರಟೆಯಾಗಿ ಉಳಿಯಲಿಲ್ಲ.

ಕಾಳು ಎಂದರೆ ಕರಿಮೆಣಸಿನ ಗಾತ್ರದ ಉಪಕರಣ. ನೀರಿಗೆ ಬಿಟ್ಟರೆ ಮುಳುಗುತ್ತದೆ, ಮತ್ತೆ ಮೇಲೆ ಬರುತ್ತದೆ, ಅಲೆಯ ಅಲುಗಾಟದಿಂದಲೇ ಶಕ್ತಿ ಪಡೆದು ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಮೀನು ಹಾದುಹೋದ ನೀರಿನಲ್ಲಿ ಅದರ ಮೈಯ ಲೋಳೆ ಒಂದಷ್ಟು ಹೊತ್ತು ಉಳಿದಿರುತ್ತದೆ. ಕಾಳು ಅದನ್ನು ನೆಕ್ಕಿ ನೋಡಿದಂತೆ ಗುರುತಿಸಿ, ಯಾವ ಮೀನು, ಎಷ್ಟು ದಟ್ಟ, ಎಷ್ಟು ಆಳದಲ್ಲಿ, ಅಲ್ಲಿ ನೀರು ಎಷ್ಟು ಬೆಚ್ಚಗಿದೆ ಎಂಬುದನ್ನೆಲ್ಲ ಮೇಲೆ ಬಂದಾಗ ದಡಕ್ಕೆ ತಿಳಿಸುತ್ತದೆ. ಕೇಂದ್ರದವರು ಅಂಥ ಲಕ್ಷಾಂತರ ಕಾಳುಗಳನ್ನು ಕಡಲಿಗೆ ಬಿತ್ತಿದರು. ಅಂಕಿಗಳು ಬರತೊಡಗಿದವು, ಸುರಿಯತೊಡಗಿದವು ಎನ್ನುವುದೇ ಸರಿ. ಆ ರಾಶಿಯನ್ನು ನೋಡಿದ ಯಾರಿಗೂ ಏನೂ ತಿಳಿಯಲಿಲ್ಲ.

ಅದನ್ನು ಕಣ್ಣಿಗೆ ಕಾಣಿಸುವ ಕೆಲಸ ವಾರಿಜಾಳ ಪಾಲಿಗೆ ಬಂತು. ಸಂಖ್ಯಾಶಾಸ್ತ್ರ ಓದಿ ಕೇಂದ್ರಕ್ಕೆ ಸೇರಿದ್ದ ಅವಳು ಅದೇ ಬಂದರಿನ ಮೀನುಗಾರರ ಮನೆಯ ಹೆಣ್ಣು. ಅಪ್ಪ ಒಂದು ಬಿರುಗಾಳಿಗೆ ಸಿಕ್ಕಿ ಮರಳದೆ ಹೋದಾಗ ಅಣ್ಣ ಶೀನ ಶಾಲೆ ಬಿಟ್ಟು ದೋಣಿ ಹತ್ತಿದ್ದ. ತಾನು ಓದಿದ್ದು ಅವನು ಬಿಟ್ಟ ಓದು ಎಂಬ ಭಾವನೆ ವಾರಿಜಾಳಿಗೆ ಎಂದೂ ಹೋಗಿರಲಿಲ್ಲ. ಈಗಲೂ ಅವಳು ಇದ್ದದ್ದು ಅಣ್ಣ-ಅತ್ತಿಗೆಯ ಮನೆಯಲ್ಲೇ.

ಅವಳು ಬರೆದ ಪ್ರೋಗ್ರಾಂ ಪರದೆಯ ಮೇಲೆ ಮೂರು ಕಿಟಕಿಗಳನ್ನು ತೆರೆಯುತ್ತಿತ್ತು. ಒಂದರಲ್ಲಿ ಕಡಲಿನ ನಕ್ಷೆ, ಇನ್ನೊಂದರಲ್ಲಿ ನೀರಿನ ಆಳ ಮತ್ತು ಬಿಸಿ, ಮತ್ತೊಂದರಲ್ಲಿ ವರ್ಷದ ತಿಂಗಳುಗಳು. ಪ್ರತಿ ಕಾಳಿಗೂ ಮೂರು ಕಿಟಕಿಗಳಲ್ಲಿ ಒಂದೊಂದು ಚುಕ್ಕೆ. ಚುಕ್ಕೆಯನ್ನು ಮುಟ್ಟಿದರೆ ಅಲ್ಲಿರುವ ಮೀನಿನ ಹೆಸರು ಮೂಡುತ್ತಿತ್ತು. ಒಂದು ಕಿಟಕಿಯಲ್ಲಿ ಬೆರಳಿನಿಂದ ಕೆಲವು ಚುಕ್ಕೆಗಳ ಸುತ್ತ ಗೆರೆ ಎಳೆದರೆ ಉಳಿದ ಎರಡರಲ್ಲೂ ಅವೇ ಚುಕ್ಕೆಗಳು ಕೆಂಪಾಗುತ್ತಿದ್ದವು. ಕೆಳಗಿದ್ದ ಗುಂಡಿಯನ್ನು ಬಲಕ್ಕೆ ಜರುಗಿಸಿದರೆ ನಾಳೆ, ನಾಡಿದ್ದು ಆ ಹಿಂಡು ಎಲ್ಲಿರಬಹುದೆಂದು ಚುಕ್ಕೆಗಳೇ ಸರಿದು ತೋರಿಸುತ್ತಿದ್ದವು. ಸುರಕ್ಷತೆಗಾಗಿ ಪ್ರತಿ ದೋಣಿಯಲ್ಲೂ ಇಟ್ಟಿದ್ದ ಯಂತ್ರದ ಸಂಕೇತವೂ ಅದೇ ನಕ್ಷೆಗೆ ಬರುತ್ತಿತ್ತು. ಮೀನು ನೀಲಿ ಚುಕ್ಕೆ, ದೋಣಿ ಬಿಳಿ ಚುಕ್ಕೆ.

ಅದನ್ನು ಪರೀಕ್ಷಿಸಲು ಅವಳು ಮೊದಲು ಕರೆದದ್ದು ಅಣ್ಣನನ್ನು.

ಶೀನ ತಾಂಡೇಲ. ದೋಣಿ ನಡೆಸುವವನು, ಬಲೆ ಎಲ್ಲಿ ಬೀಳಬೇಕೆಂದು ಹೇಳುವವನು. ಆದರೆ ಆ ವಿದ್ಯೆ ಅವನಿಗೆ ಒಲಿದಿರಲಿಲ್ಲ. ಹಕ್ಕಿ ನೋಡಿ, ನೀರಿನ ಬಣ್ಣ ನೋಡಿ ಬೇರೆ ತಾಂಡೇಲರು ಮೀನು ಹುಡುಕಿದರೆ, ಶೀನ ಅದೆಲ್ಲವನ್ನೂ ಅಷ್ಟೇ ನಿಷ್ಠೆಯಿಂದ ನೋಡಿಯೂ ಹೆಚ್ಚಿನ ದಿನ ಖಾಲಿ ಬಲೆ ಎಳೆಯುತ್ತಿದ್ದ. ಬಂದರಿನಲ್ಲಿ ಅವನ ಹೆಸರು ಬರಿಬಲೆ ಶೀನ. ಅವನೆದುರೇ ಹಾಗೆ ಕರೆಯುತ್ತಿದ್ದರು, ಅವನೂ ನಗುತ್ತಿದ್ದ.

ಅವನು ನಿಯಂತ್ರಣ ಕೊಠಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದು ದೊಡ್ಡ ಪರದೆಯನ್ನು ನೋಡುತ್ತ ನಿಂತ.

"ಎಂತ ಇದ್? ರಂಗೋಲಿಯಾ?"

"ಮುಟ್ಟಿ ಕಾಣ್, ಅಣ್ಣಯ್ಯ."

ಅವನು ಬೆರಳನ್ನು ಲುಂಗಿಗೆ ಒರೆಸಿಕೊಂಡು ಒಂದು ಚುಕ್ಕೆಯನ್ನು ಮುಟ್ಟಿದ. 'ಬಂಗಡೆ' ಎಂಬ ಹೆಸರು ಮೂಡಿತು. ಅವನು ಕೈ ಹಿಂದೆ ತೆಗೆದುಕೊಂಡ. ಮತ್ತೆ ಮುಟ್ಟಿದ.

"ಸತ್ಯವಾ ಇದ್?"

"ಹೋಯಿ ಬಲೆ ಹಾಕಿ ಕಾಣ್."

ಮರುದಿನ ಅವನ ದೋಣಿ ಅಂಚಿನವರೆಗೂ ತುಂಬಿ ಬಂತು. ಅದರ ಮರುದಿನವೂ ಬಂತು. ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆಯುವ ಹೊತ್ತಿಗೆ ಬರಿಬಲೆ ಎಂಬ ಹೆಸರು ಬಂದರಿನಲ್ಲಿ ಕೇಳಿಸುತ್ತಿರಲಿಲ್ಲ. ಶೀನನ ನಡಿಗೆಯೇ ಬದಲಾಯಿತು ಎಂದು ಅತ್ತಿಗೆ ಪದ್ದು ಹೇಳುತ್ತಿದ್ದಳು. ಗಂಡಸರು ಸೇರುವ ಹೋಟೆಲಿನಲ್ಲಿ ಅವನೀಗ ಬಾಗಿಲ ಬಳಿಯ ಬೆಂಚು ಬಿಟ್ಟು ಮಧ್ಯದ ಮೇಜಿಗೆ ಕೂರುತ್ತಿದ್ದನಂತೆ.

ಮುಂದಿನ ಹಂಗಾಮಿಗೆ ಕೇಂದ್ರವು ಕಿಟಕಿಗಳನ್ನು ಎಲ್ಲರ ಮೊಬೈಲಿಗೂ ತೆರೆದಿಟ್ಟಿತು. ಜನ ಅದಕ್ಕೆ ಒಗ್ಗಿಕೊಂಡ ಬಗೆ ವಾರಿಜಾಳಿಗೇ ಆಶ್ಚರ್ಯವಾಗುವಂತಿತ್ತು. ದೋಣಿ ಬರುವುದನ್ನು ಕಾಯುತ್ತ ದಡದಲ್ಲಿ ನಿಲ್ಲುತ್ತಿದ್ದ ಹೆಂಗಸರು ಈಗ ಅಡುಗೆಮನೆಯಲ್ಲೇ ಇರುತ್ತಿದ್ದರು. ಪದ್ದು ಉಪ್ಪಿನ ಭರಣಿಗೆ ಮೊಬೈಲನ್ನು ಒರಗಿಸಿಟ್ಟು, ಈರುಳ್ಳಿ ಹೆಚ್ಚುತ್ತ, ನಡುನಡುವೆ ಕಣ್ಣೆತ್ತಿ ಗಂಡನ ಬಿಳಿ ಚುಕ್ಕೆಯನ್ನು ನೋಡುತ್ತಿದ್ದಳು. ಅದು ದಡದ ಕಡೆ ತಿರುಗಿದರೆ ಅನ್ನಕ್ಕೆ ನೀರಿಡುತ್ತಿದ್ದಳು. ತಾಂಡೇಲರು ಆಕಾಶ ನೋಡುವುದು ಕಡಿಮೆಯಾಯಿತು. ಬೆಳಿಗ್ಗೆ ಎಲ್ಲರೂ ಅದೇ ನಕ್ಷೆ ನೋಡಿ, ಅದೇ ದಟ್ಟ ನೀಲಿಯ ಕಡೆಗೆ ಒಟ್ಟಿಗೆ ಹೊರಡುತ್ತಿದ್ದರು. ಮಧ್ಯಾಹ್ನದೊಳಗೆ ಆ ನೀಲಿ ತೆಳುವಾಗುತ್ತಿತ್ತು.

ತೆಳುವಾದ ಜಾಗಗಳು ಮತ್ತೆ ಹೇಗೆ ತುಂಬಿಕೊಳ್ಳುತ್ತವೆಂದು ನೋಡುತ್ತಿದ್ದಾಗ ವಾರಿಜಾಳಿಗೆ ಅದು ಕಂಡಿತು.

ಆಳ ಮತ್ತು ಬಿಸಿಯ ಕಿಟಕಿಯಲ್ಲಿ, ಎಲ್ಲ ಚುಕ್ಕೆಗಳಿಂದ ದೂರ, ಕೆಳಮೂಲೆಯಲ್ಲಿ ಒಂದು ಚಿಕ್ಕ ಗುಂಪಿತ್ತು. ಬಹಳ ಆಳ, ಬಹಳ ತಂಪು. ಲೆಕ್ಕ ತಪ್ಪಿದ ಕಾಳುಗಳಿರಬೇಕೆಂದು ಅವಳು ಅದನ್ನು ಲಕ್ಷಿಸಿರಲಿಲ್ಲ. ಆ ದಿನ ಬೆರಳಿನಿಂದ ಅದರ ಸುತ್ತ ಗೆರೆ ಎಳೆದಳು. ನಕ್ಷೆಯ ಕಿಟಕಿಯಲ್ಲಿ ಅಷ್ಟೂ ಚುಕ್ಕೆಗಳು ಒಂದೇ ಕಡೆ ಕೆಂಪಾದವು. ಬಂದರಿನಿಂದ ದೂರದಲ್ಲಿ, ನೀರಿನಡಿ ಬಂಡೆಗಳಿದ್ದ ಜಾಗ. ಬಲೆ ಹರಿಯುತ್ತದೆಂದು ಯಾರೂ ಹೋಗದ ಜಾಗ. ತಿಂಗಳುಗಳ ಕಿಟಕಿಯಲ್ಲಿ ಅವು ವರ್ಷವಿಡೀ ಕೆಂಪಾಗಿ ಸಾಲುಗಟ್ಟಿದ್ದವು. ಉಳಿದ ಹಿಂಡುಗಳೆಲ್ಲ ಬರುತ್ತಿದ್ದವು, ಹೋಗುತ್ತಿದ್ದವು. ಈ ಗುಂಪು ಮಾತ್ರ ಕದಲಿರಲಿಲ್ಲ.

ಅವಳು ಕೇಂದ್ರದ ಮುಖ್ಯಸ್ಥ ಡಾ. ಐತಾಳರನ್ನು ಕರೆದು ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ ಗುಂಡಿಯನ್ನು ಹಿಂದಕ್ಕೂ ಮುಂದಕ್ಕೂ ಜರುಗಿಸಿ ನೋಡಿದರು. ಪ್ರತಿ ಸಲವೂ ತಾಜಾ ಚುಕ್ಕೆಗಳು ಆ ಬಂಡೆಗಳ ಬಳಿಯಿಂದಲೇ ಹೊರಟು ಕಡಲಿಗೆ ಹರಡುತ್ತಿದ್ದವು.

"ತಾಯಿಮೀನುಗಳು," ಎಂದರು ಐತಾಳರು. "ನಮ್ಮ ಕಡಲಿನ ಬಂಗಡೆಯೆಲ್ಲ ಇಲ್ಲಿಂದಲೇ."

"ಇದು ಎಲ್ಲರಿಗೂ ಕಾಣ್ತಾ ಇದೆ ಸರ್. ಇನ್ನೂ ಯಾರೂ ಗಮನಿಸಿಲ್ಲ ಅಷ್ಟೆ. ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ್ರೆ ಸಾಕು. ಈ ವೃತ್ತದ ಒಳಗಿನ ಚುಕ್ಕೆಗಳನ್ನ ಬಿಡಿಸ್ಬೇಡ ಅಂತ."

ಐತಾಳರು ಕನ್ನಡಕ ಕೆಳಗಿಳಿಸಿದರು. "ಬಂದರಿನವರನ್ನು ಕೂರಿಸಿ ಹೇಳಿದ್ರೆ ಹೇಗೆ? ಇಲ್ಲಿ ತಾಯಿಮೀನಿದೆ, ಈ ಕಡೆ ಬಲೆ ಹಾಕ್ಬೇಡಿ ಅಂತ."

"ಹೇಳಿದ ದಿನವೇ ಎಲ್ಲ ದೋಣಿಯೂ ಅಲ್ಲಿರ್ತದೆ. ನಮ್ಮವರು ಹೇಗಂತ ನನಗೆ ಗೊತ್ತು ಸರ್."

"ನಿಮ್ಮವರು. ನಿಮಗೇ ಚೆನ್ನಾಗಿ ಗೊತ್ತಿರಬೇಕು," ಎಂದು ಅವರು ಒಪ್ಪಿದರು.

ಅವಳು ಆ ಸಾಲು ಬರೆದಳು. ಮರುಕ್ಷಣ ಆ ಜಾಗ ಬರಿದಾಯಿತು. ಕಾಳುಗಳು ಕಡಲಿನಲ್ಲಿದ್ದವು, ಅಂಕಿಗಳು ಬರುತ್ತಲೇ ಇದ್ದವು. ಕಿಟಕಿಯಲ್ಲಿ ಮಾತ್ರ ಏನೂ ಇರಲಿಲ್ಲ.

ಆ ವರ್ಷ ಹಂಗಾಮು ಅರ್ಧಕ್ಕೆ ಬರುವಾಗಲೇ ಮೀನು ಕಡಿಮೆಯಾಯಿತು. ಎಲ್ಲರ ಕೈಯಲ್ಲೂ ಒಂದೇ ನಕ್ಷೆ ಇದ್ದಾಗ ಗೆಲ್ಲುವುದು ಹೆಚ್ಚು ವೇಗದ ಯಂತ್ರವಿರುವ ದೋಣಿ. ಶೀನನದು ಹಳೆಯ ಯಂತ್ರ. ಅವನು ತಲುಪುವಾಗ ಬಂದರಿನ ಇನ್ನೊಬ್ಬ ತಾಂಡೇಲ ಹಿರಿಯಣ್ಣ ಕುಂದರನ ದೊಡ್ಡ ದೋಣಿ ಬಲೆ ಎಳೆದು ಮುಗಿಸಿರುತ್ತಿತ್ತು. ಶೀನ ಮತ್ತೆ ಖಾಲಿ ಬರತೊಡಗಿದ. ಒಂದು ಬೆಳಿಗ್ಗೆ ಅವನ ದೋಣಿಯ ಆಳುಗಳಲ್ಲಿ ಅರ್ಧದಷ್ಟು ಜನ ಬರಲೇ ಇಲ್ಲ. ವಿಚಾರಿಸಿದರೆ ಕುಂದರನ ದೋಣಿ ಹತ್ತಿದ್ದಾರೆ ಎಂದು ತಿಳಿಯಿತು. ಮಂಜುಗಡ್ಡೆ ಒಡೆಯುತ್ತಿದ್ದ ಒಬ್ಬ ತಲೆಯೆತ್ತದೆಯೇ ಹೇಳಿದ: "ಬರಿಬಲೆ ಶೀನನ ಹಿಂದೆ ಹೋಯಿ ಎಂತ ಮಾಡೂದ್?"

ಆ ದಿನ ಮಧ್ಯಾಹ್ನದ ಊಟಕ್ಕೆ ವಾರಿಜಾ ಮನೆಗೆ ಬಂದಿದ್ದಳು. ಪದ್ದು ಸಾರು ಬಡಿಸಿದಳು. ಶೀನ ತಟ್ಟೆಯ ಮುಂದೆ ಕುಳಿತು ಅನ್ನವನ್ನು ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ.

"ಉಣ್ಣಿ," ಎಂದಳು ಪದ್ದು. "ಆಳ್ ಹೋದ್ರೆ ಹೋಯ್ಲಿ. ಬೇರೆಯೋರ್ ಬತ್ರ್."

ಶೀನ ತಂಗಿಯ ಕಡೆ ನೋಡಿದ. "ವಾರಿಜಾ, ಬಂಡೆ ಹತ್ರ ಈಗ ಒಂದ್ ಗುಂಡಗಿನ ಜಾಗ ಖಾಲಿ ಇತ್ತಲೆ. ಮೊದ್ಲ್ ಅಲ್ಲ್ ಚುಕ್ಕಿ ಇದ್ದಿತ್."

"ಅಲ್ಲಿ ಕಾಳ್ ಹಾಳಾಯ್ತ್, ಅಣ್ಣಯ್ಯ."

"ಎಲ್ಲಾ ಒಟ್ಟಿಗಾ?"

ಅವಳು ತಟ್ಟೆ ನೋಡಿದಳು. ಅವನು ಮತ್ತೆ ಕೇಳಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗದರಿಸುತ್ತಿದ್ದರು, ಆಣೆ ಹಾಕಿಸುತ್ತಿದ್ದರು. ಶೀನ ಒಂದು ತುತ್ತು ಬಾಯಿಗಿಟ್ಟು, ಅಗಿದು ನುಂಗಿ, "ಇರ್ಲಿ. ನೀ ಹೇಳೂಕಾಗ್ದಿದ್ದ್ ಇದ್ರೆ ಬೇಡ," ಎಂದ. ಆ ಮಾತನ್ನು ತಡೆದುಕೊಳ್ಳಲು ಅವಳಿಗಾಗಲಿಲ್ಲ.

ಅವಳು ಎಲ್ಲವನ್ನೂ ಹೇಳಿದಳು. ತಾಯಿಮೀನುಗಳೆಂದೂ, ಹಿಡಿಯಬಾರದೆಂದೂ ಹೇಳಿದಳು. ಬಂಡೆಗಳ ಪಶ್ಚಿಮಕ್ಕೆ ಮರಳಿನ ತಳವಿದೆ, ಅಲ್ಲಿ ಬಲೆ ಹರಿಯುವುದಿಲ್ಲ ಎಂಬುದನ್ನೂ ಹೇಳಿದಳು. ಅದನ್ನೇಕೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು.

"ಒಂದೇ ಸಲ," ಎಂದ ಶೀನ. "ಅಂಚಿನಗೆ ಒಂದ್ ಬಲೆ. ಆಳ್‌ಗಳ್ ವಾಪಾಸ್ ಬತ್ರ್. ಮತ್ತೆ ಆ ಬದಿಗ್ ತಲೆ ಹಾಕ್ತಿಲ್ಲೆ."

ಅವನು ಸುಳ್ಳು ಹೇಳುವವನಲ್ಲ. ಒಂದು ಬಲೆಗೆ ಏನಾದೀತು ಎಂದು ಅವಳೂ ಅಂದುಕೊಂಡಳು. ಪದ್ದು ಮಾತ್ರ, "ಬೇಡ ಅಂದ್ ಹೇಳಿದ್ ಮೇಲೆ ಎಂತಕೆ ಹೋಪ್ದ್?" ಎಂದು ಗೊಣಗಿ ತಟ್ಟೆಗಳನ್ನು ಎತ್ತಿಕೊಂಡು ಹೋದಳು.

ಮರುದಿನ ಬೆಳಗು ಹರಿದ ಮೇಲೆ ವಾರಿಜಾ ನಿಯಂತ್ರಣ ಕೊಠಡಿಯಲ್ಲಿ ಒಬ್ಬಳೇ ಇದ್ದಳು. ದೋಣಿಗಳ ಬಿಳಿ ಚುಕ್ಕೆಗಳು ಎಂದಿನಂತೆ ಉತ್ತರದ ನೀಲಿಯ ಕಡೆ ಸಾಗುತ್ತಿದ್ದವು. ಒಂದು ಚುಕ್ಕೆ ಮಾತ್ರ ಗುಂಪು ಬಿಟ್ಟು ಪಶ್ಚಿಮಕ್ಕೆ ತಿರುಗಿತು. ಅವಳು ಅದನ್ನು ಮುಟ್ಟಲಿಲ್ಲ. ಯಾರ ದೋಣಿಯೆಂದು ಅವಳಿಗೆ ಗೊತ್ತಿತ್ತು. ಅದು ಆ ಬರಿದಾದ ವೃತ್ತದೊಳಗೆ ಹೋಗಿ ನಿಂತಿತು.

ಆಗ ಅವಳಿಗೆ ಹೊಳೆಯಿತು. ಅವಳು ಮೀನುಗಳನ್ನು ಮರೆಮಾಡಿದ್ದಳು, ದೋಣಿಗಳನ್ನಲ್ಲ. ಏನೂ ಇಲ್ಲದ ಜಾಗದಲ್ಲಿ ಒಂದು ಬಿಳಿ ಚುಕ್ಕೆ ಕದಲದೆ ನಿಂತಿರುವುದು ಊರಿನ ಪ್ರತಿ ಮೊಬೈಲಿನಲ್ಲೂ ಕಾಣುತ್ತಿತ್ತು. ಖಾಲಿ ಕಡಲಿನಲ್ಲಿ ಯಾರಾದರೂ ಅಷ್ಟು ಹೊತ್ತು ನಿಲ್ಲುತ್ತಾರೆಯೆ? ಅದೂ ತಂಗಿ ಕೇಂದ್ರದಲ್ಲಿರುವ ಶೀನ?

ಅವಳು ಅಣ್ಣನಿಗೆ ಫೋನ್ ಮಾಡಿದಳು. ದಡಕ್ಕೆ ಹತ್ತಿರವಿದ್ದ ಉತ್ತರದ ದೋಣಿಗಳಿಗೆ ಸಿಗುವ ಫೋನ್ ಬಂಡೆಗಳಷ್ಟು ದೂರಕ್ಕೆ ಸಿಗುವುದಿಲ್ಲ. ದೋಣಿಯ ರೇಡಿಯೋದಲ್ಲಿ ಕರೆದರೆ ಎಲ್ಲ ದೋಣಿಗೂ ಕೇಳಿಸುತ್ತದೆ. ಆದರೂ ಕರೆದಳು. "ಅಣ್ಣಯ್ಯ, ವಾಪಾಸ್ ಬಾ. ಈಗ್ಲೇ ಬಾ." ಅವಳ ಆ ದನಿಯೇ ಉಳಿದವರ ಅನುಮಾನವನ್ನು ಗಟ್ಟಿಮಾಡಿತು.

ಉತ್ತರದ ಕಡೆಗಿದ್ದ ಬಿಳಿ ಚುಕ್ಕೆಗಳಲ್ಲಿ ಮೊದಲು ಒಂದು ತಿರುಗಿತು. ಅದು ಕುಂದರನದು. ಆಮೇಲೆ ಎರಡು, ಮತ್ತೊಂದಿಷ್ಟು. ಬೇಗನೆ ಎಲ್ಲವೂ ತಿರುಗಿದವು. ಐತಾಳರು ಬಂದು ಅವಳ ಹಿಂದೆ ನಿಂತದ್ದು ಅವಳಿಗೆ ತಿಳಿಯಲಿಲ್ಲ. ಇಬ್ಬರೂ ನೋಡುತ್ತಿದ್ದಂತೆ ಆ ವೃತ್ತ ಬಿಳಿ ಚುಕ್ಕೆಗಳಿಂದ ತುಂಬಿತು.

"ಆ ಸಾಲು ತೆಗೀರಿ," ಎಂದರು ಐತಾಳರು. "ಏನಾಗ್ತಿದೆ ಅಂತ ನಮಗಾದರೂ ಕಾಣಲಿ."

ಅವಳು ಸಾಲನ್ನು ಅಳಿಸಿದಳು. ಬಿಳಿ ಚುಕ್ಕೆಗಳ ನಡುವೆ ದಟ್ಟ ನೀಲಿ ಮೂಡಿತು. ಮಧ್ಯಾಹ್ನ ಹೊರಳುವ ಹೊತ್ತಿಗೆ ಅದು ತಿಳಿಯಾಗಿತ್ತು. ಮರುದಿನವೂ ದೋಣಿಗಳು ಹೋದವು, ಅದರ ಮರುದಿನವೂ ಹೋದವು. ಆ ವಾರ ಬಂದರಿನಲ್ಲಿ ಮೊಟ್ಟೆ ತುಂಬಿದ ದೊಡ್ಡ ದೊಡ್ಡ ಬಂಗಡೆಗಳ ರಾಶಿ ಬಿತ್ತು. ಅಂಥ ಮೀನನ್ನು ತಾವು ಕಂಡೇ ಇಲ್ಲವೆಂದು ಮುದುಕಿಯರು ಹೇಳಿದರು. ಹೋಟೆಲಿನಲ್ಲಿ ಶೀನನನ್ನು ಹೆಗಲು ತಟ್ಟಿ ಮಾತಾಡಿಸಿದರು. ಅವನು ಮೊದಲ ದಿನ ಒಂದೇ ಬಲೆ ಎಳೆದು ಹಿಂತಿರುಗಿದ್ದ, ಹೇಳಿದ್ದಂತೆಯೇ. ಅದನ್ನು ಯಾರೂ ಗಮನಿಸಲಿಲ್ಲ.

ಮುಂದಿನ ವರ್ಷ ಬಂಗಡೆ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಕಿಟಕಿಗಳಲ್ಲಿ ಬೇರೆ ಸಣ್ಣಪುಟ್ಟ ಮೀನುಗಳ ಚುಕ್ಕೆಗಳು ಅಲ್ಲಲ್ಲಿ ಕಾಣುತ್ತಿದ್ದವು, ಅಷ್ಟೆ. ದೊಡ್ಡ ದೋಣಿಗಳು ದಕ್ಷಿಣದ ಬಂದರುಗಳಿಗೆ ಹೋದವು. ಮಂಜುಗಡ್ಡೆಯ ಕಾರ್ಖಾನೆ ಮುಚ್ಚಿತು. ಪದ್ದು ಉಪ್ಪಿನ ಭರಣಿಯ ಪಕ್ಕ ಮೊಬೈಲ್ ಇಡುವುದನ್ನು ನಿಲ್ಲಿಸಿದಳು.

ಊರು ಬಿಡುವ ಮುನ್ನ ಹಿರಿಯಣ್ಣ ಕುಂದರ್ ಕೇಂದ್ರಕ್ಕೆ ಬಂದಿದ್ದ. ಜಗಳಕ್ಕೆ ಬಂದನೆಂದು ವಾರಿಜಾ ಎದ್ದು ನಿಂತಳು. ಅವನು ಕುರ್ಚಿ ಎಳೆದು ಕುಳಿತ, ನೀರು ಕೇಳಿ ಕುಡಿದ.

"ಅದ್ ತಾಯಿಮೀನ್ ಅಂದ್ ನಿಮ್ಗ್ ಮೊದ್ಲೇ ಗೊತ್ತಿದ್ದಿತಾ?"

"ಗೊತ್ತಿತ್ತು."

"ನಮ್ಗ್ ಒಂದ್ ಮಾತ್ ಹೇಳೂಕಾಗ್ತಿರ್ಲಿಲ್ಲ್ಯಾ?"

"ಹೇಳಿದ್ರೆ ನೀವು ಹೋಗ್ತಿರ್ಲಿಲ್ವಾ?"

ಕುಂದರ್ ಬಹಳ ಹೊತ್ತು ಯೋಚಿಸಿದ. ಅವನು ಹಾಗೆ ಯೋಚಿಸಿದ್ದೇ ಅವಳಿಗೆ ಹೆಚ್ಚು ಸಂಕಟ ತಂದಿತು. ಹೋಗುತ್ತಿರಲಿಲ್ಲ ಎಂದು ಅವನು ಆಣೆ ಮಾಡಿದ್ದರೆ ಅವಳು ನಂಬುತ್ತಿರಲಿಲ್ಲ.

"ಗೊತ್ತಿಲ್ಲೆ," ಎಂದ ಅವನು ಕೊನೆಗೆ. "ಮಳೆಗಾಲದಗೆ ಮೀನ್ ಮರಿ ಹಾಕತ್ತ್ ಅಂದೇಳಿ ನಮ್ಮ ಅಜ್ಜಂದಿರ್ ಕಾಲದಿಂದ ದೋಣಿ ಕಟ್ಟಿ ಇಡ್ತ್. ಅದನ್ನ್ ಯಾರೂ ಮುರಿಲಿಲ್ಲೆ. ಇದನ್ನೂ ಮುರಿತಿರ್ಲಿಲ್ಲ್ಯೋ ಏನೋ. ನಮ್ಮನ್ನ್ ಒಂದ್ ಮಾತ್ ಕೇಂಡಿದ್ರೆ ಗೊತ್ತಾಗ್ತಿತ್."

ಅವನು ಹೋದ ಮೇಲೆ ಐತಾಳರು ಹೇಳಿದರು, "ನಾನಾದರೂ ಒತ್ತಾಯಿಸಬೇಕಿತ್ತು." ಒತ್ತಾಯಿಸಿದ್ದರೆ ತಾನು ವಾದಿಸುತ್ತಿದ್ದೆ, ತನ್ನ ಜನ ತನಗೆ ಗೊತ್ತೆಂದು ಮತ್ತೆ ಹೇಳುತ್ತಿದ್ದೆ ಎಂದು ವಾರಿಜಾಳಿಗೆ ಗೊತ್ತಿತ್ತು.

ಶೀನ ದೋಣಿ ಮಾರಲಿಲ್ಲ. ಹಾಳಾದ ಕಾಳುಗಳ ಜಾಗಕ್ಕೆ ಹೊಸದನ್ನು ಬಿತ್ತುವ ಕೆಲಸವನ್ನು ಕೇಂದ್ರ ಅವನಿಗೆ ಕೊಟ್ಟಿತು. ಬೆಳಿಗ್ಗೆ ಕಾಳಿನ ಡಬ್ಬಿಗಳನ್ನು ಹೇರಿಕೊಂಡು ಹೋಗುತ್ತಿದ್ದ, ಸಂಜೆ ಖಾಲಿ ಡಬ್ಬಿಗಳನ್ನು ತಂದಿಡುತ್ತಿದ್ದ. ತಂಗಿಯ ಮೇಲೆ ಅವನು ಒಂದು ಮಾತೂ ಆಡಲಿಲ್ಲ. ಅವಳೂ ಅವನ ಮೇಲೆ ಆಡಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಕಡಲಿನ ಮಾತು ಬಂದರೆ ಪದ್ದು ಬೇರೆ ಮಾತು ತೆಗೆಯುತ್ತಿದ್ದಳು. ವರ್ಷಗಳು ಹೀಗೆ ಹೋದವು. ಐತಾಳರು ನಿವೃತ್ತರಾದರು, ಅವರ ಕುರ್ಚಿಗೆ ವಾರಿಜಾ ಬಂದಳು. ಅವಳ ತಲೆ ಅರ್ಧ ಬೆಳ್ಳಗಾಯಿತು.

ಒಂದು ಸಂಜೆ ಅವಳು ಆಳ ಮತ್ತು ಬಿಸಿಯ ಕಿಟಕಿಯನ್ನು ನೋಡುತ್ತಿದ್ದಾಗ ಕೆಳಮೂಲೆಯಲ್ಲಿ ಕೆಲವು ಚುಕ್ಕೆಗಳು ಕಂಡವು. ಅವಳು ಎದ್ದು ಹೋಗಿ ಮುಖ ತೊಳೆದು ಬಂದಳು. ಅವು ಅಲ್ಲೇ ಇದ್ದವು. ಮುಟ್ಟಿದಳು: ಬಂಗಡೆ. ಸುತ್ತ ಗೆರೆ ಎಳೆದಳು. ನಕ್ಷೆಯಲ್ಲಿ ಅವು ಕೆಂಪಾದದ್ದು ಹಳೆಯ ಬಂಡೆಗಳ ಬಳಿಯಲ್ಲ, ಬೇರೆಯದೇ ಜಾಗದಲ್ಲಿ.

ಅದೇ ಹೊತ್ತಿಗೆ ಶೀನ ಖಾಲಿ ಡಬ್ಬಿಗಳನ್ನು ತಂದು ಬಾಗಿಲಲ್ಲಿ ಇಳಿಸುತ್ತಿದ್ದ.

"ಅಣ್ಣಯ್ಯ," ಎಂದಳು ಅವಳು. "ಬಂಗಡೆ ಬಂದಿತ್."

ಅವನು ಬಗ್ಗಿದವನು ಹಾಗೆಯೇ ನಿಂತ. ಒಳಗೆ ಬರಲಿಲ್ಲ.

"ಸುಮಾರ್ ಇತ್ತಾ?"

"ಸ್ವಲ್ಪ."

"ಎಲ್ಲಿ ಅಂದ್ ನಂಗ್ ಹೇಳ್ಬೇಡ."

ಅವನು ಬಾಗಿಲ ಮೆಟ್ಟಿಲಿನ ಮೇಲೆ ಪರದೆಗೆ ಬೆನ್ನು ಹಾಕಿ ಕುಳಿತ. ಅವನ ಬೆನ್ನು ಅಪ್ಪನ ಬೆನ್ನಿನಂತೆ ಕಾಣತೊಡಗಿದೆ ಎಂದು ಅವಳಿಗೆ ಅನ್ನಿಸಿತು. ಅಪ್ಪ ಆ ವಯಸ್ಸಿನವರೆಗೆ ಬದುಕಿರಲಿಲ್ಲ.

"ಈ ಸಲ ಮುಚ್ಚಿಡೂದಿಲ್ಲ," ಎಂದಳು. "ಬಂದರಿನಲ್ಲಿ ಉಳ್ದೋರನ್ನೆಲ್ಲ ಕರೀತೆ. ಕುಂದರಣ್ಣನಿಗೂ ಫೋನ್ ಮಾಡ್ತೆ. ಎಲ್ಲಿ ಇತ್ತ್, ಎಂತಕೆ ಮುಟ್ಟೂಕಾಗ ಅಂದ್ ಎಲ್ಲರ ಎದ್ರಿಗೂ ಹೇಳ್ತೆ."

"ಹೇಳ್. ನಿನ್ನ ಮಾತ್ ಅವ್ರ್ ಕೇಂತ್ರ್."

"ನೀನೂ ಬಾ."

ಶೀನ ತಲೆಯಲ್ಲಾಡಿಸಿದ. ಮೊಣಕಾಲಿಗೆ ಕೈಯೂರಿ ಎದ್ದು ಚಪ್ಪಲಿ ಮೆಟ್ಟಿದ.

"ಎಲ್ಲರಿಗೂ ಹೇಳ್, ವಾರಿಜಾ. ನನ್ನೊಬ್ಬನ್ನ್ ಬಿಟ್ಟ್," ಎಂದು ಹೇಳಿ ಅವನು ಮೆಟ್ಟಿಲಿಳಿದು ಮನೆಯ ದಾರಿ ಹಿಡಿದ.